ಒಳಚಿಲಕವಿಲ್ಲದ ಮನೆ

ಆ ಮನೆಯನ್ನು ಕಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಒಣಮೆಣಸಿನಕಾಯಿಗಾಗಿ. ಇದು ಊರಿಗೆಲ್ಲ ಗೊತ್ತು, ಮನೆಯವರಿಗೂ ಗೊತ್ತು. ಆದರೂ ಮನೆಯ ಯಜಮಾನರಾದ ಮೇಷ್ಟ್ರು, ಯಾರಾದರೂ ಹಳೇ ಮನೆ ನೋಡಬೇಕು ಅಂತ ಬಂದರೆ, ಬೇರೆಯೇ ಕಥೆ ಹೇಳುತ್ತಿದ್ದರು. ಬೀದಿಬಾಗಿಲು, ಹಿತ್ತಿಲ ಬಾಗಿಲು ಬಿಟ್ಟರೆ ಈ ಮನೆಯ ಒಂದು ಬಾಗಿಲಿಗೂ ಒಳಚಿಲಕ ಇಲ್ಲ, ನಮ್ಮ ಮುತ್ತಜ್ಜ ಬೇಕೆಂದೇ ಹಾಕಿಸಲಿಲ್ಲ, ಅಣ್ಣತಮ್ಮಂದಿರು ಒಬ್ಬರ ಮುಖಕ್ಕೆ ಒಬ್ಬರು ಬಾಗಿಲು ಹಾಕಿಕೊಳ್ಳಬಾರದು ಅನ್ನುವುದು ಅವರ ಆಸೆಯಾಗಿತ್ತು ಅಂತ. ಬಂದವರು ತಲೆದೂಗುತ್ತಿದ್ದರು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಮೇಷ್ಟ್ರ ಹೆಂಡತಿಯೂ, ನಡುಕೋಣೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ ಅವರ ತಮ್ಮನ ಹೆಂಡತಿಯೂ ಈ ಕಥೆಯನ್ನು ಎಷ್ಟು ಸಲ ಕೇಳಿದ್ದರೆಂದರೆ, ಮೇಷ್ಟ್ರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದೂ ಅವರಿಗೆ ಬಾಯಿಪಾಠವಾಗಿತ್ತು.

ನಿಜ ಏನೆಂದರೆ ಮೆಣಸಿನಕಾಯಿ ಮೂಟೆ ತಾನಾಗಿ ಎದ್ದು ಬಂದು ಚಿಲಕ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಹೊರಗಿನವರೇ ಹಾಕಬೇಕು. ವ್ಯಾಪಾರಿಯಾಗಿದ್ದ ಆ ಮುತ್ತಜ್ಜ ತನ್ನ ಸರಕಿಗೆ ಏನು ಬೇಕೋ ಅಷ್ಟನ್ನೇ ಕಟ್ಟಿಸಿದ್ದ. ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಮೂರು ಕೋಣೆ. ಬೀದಿ ಕಡೆಯದು ತೂಕ ಮಾಡುವ ಪಡಸಾಲೆ, ಹಿತ್ತಿಲ ಕಡೆಯದು ಕಾಯಿ ಆರಿಸುವ ಕೋಣೆ, ನಡುವಿನದು ಉಗ್ರಾಣ. ಗಾಡಿಗಳು ಹಿತ್ತಿಲಿಗೆ ಬಂದು ನಿಲ್ಲುತ್ತಿದ್ದವು. ಕಾಯಿ ಹಿಂದಿನಿಂದ ಉಗ್ರಾಣಕ್ಕೆ ಹೋಗಿ ಮುಂದಿನಿಂದ ಮಾರಾಟಕ್ಕೆ ಬರುತ್ತಿತ್ತು. ಹಾಗಾಗಿ ಉಗ್ರಾಣಕ್ಕೆ ಎದುರುಬದುರು ಎರಡು ಬಾಗಿಲು, ಎರಡಕ್ಕೂ ಚಿಲಕ ಆಚೆ ಕಡೆಯಿಂದ. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಎಬ್ಬಿಸಿದ ಗೋಡೆ ಒಂದು ಮೊಳಕ್ಕಿಂತ ದಪ್ಪ. ಬಿಸಿಲು ಬಿದ್ದರೆ ಕಾಯಿಯ ಬಣ್ಣ ಹೋಗುತ್ತದೆ ಅಂತ ಕಿಟಕಿಗಳನ್ನು ಸೂರಿನ ಹತ್ತಿರ, ಬೆಕ್ಕು ನುಸುಳುವಷ್ಟೇ ಇಟ್ಟಿದ್ದರು. ಮೂಟೆ ಎಳೆಯುವಾಗ ತೊಡರಬಾರದು ಅಂತ ಹೊಸ್ತಿಲು ನೆಲಕ್ಕೆ ಸಮ. ಪಡಸಾಲೆಯ ತೊಲೆಯಲ್ಲಿ ತಕ್ಕಡಿಗೆಂದು ಹೊಡೆದ ಕಬ್ಬಿಣದ ಕೊಂಡಿ ಇವತ್ತಿಗೂ ಇದೆ. ಮೊದಲು ಮೆಣಸಿನಕಾಯಿ ತೂಗಿದ ಆ ಕೊಂಡಿಯೇ ಆಮೇಲೆ ತೊಟ್ಟಿಲು ಹೊತ್ತು ಮನೆಯ ಮಕ್ಕಳನ್ನೆಲ್ಲ ತೂಗಿತು.

ಸಂಸಾರ ಇದ್ದದ್ದು ಪಕ್ಕದ ಹುಲ್ಲುಮಾಡಿನ ಮನೆಯಲ್ಲಿ. ಒಂದು ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಬಿತ್ತು. ಹೊಸ ಮನೆ ಏಳುವ ತನಕ, ನಾಲ್ಕು ದಿನದ ಮಟ್ಟಿಗೆ ಅಂತ, ಉಟ್ಟ ಬಟ್ಟೆಯಲ್ಲಿ ಎಲ್ಲರೂ ಗೋದಾಮಿಗೆ ಬಂದು ಕೂತರು, ಕಾಯಿ ಆರಿಸುವ ಕೋಣೆಯಲ್ಲಿ ಒಲೆ ಹೂಡಿ ಅದನ್ನೇ ಅಡುಗೆಮನೆ ಮಾಡಿಕೊಂಡರು. ಆ ನಾಲ್ಕು ದಿನ ನಾಲ್ಕು ತಲೆಮಾರು ಕಳೆದರೂ ಮುಗಿದಿಲ್ಲ. ಮೆಣಸಿನಕಾಯಿ ವ್ಯಾಪಾರ ಹೋಯಿತು, ಘಾಟು ಹೋಗಲಿಲ್ಲ. ಅಟ್ಟದ ಸಂದಿಗಳಲ್ಲಿ, ಗೋಡೆಯ ಬಿರುಕುಗಳಲ್ಲಿ ಅದರ ಪುಡಿ ಕೂತೇ ಇದೆ. ಗಾಳಿ ಜೋರಾಗಿ ಬೀಸಿದ ದಿನ ಮನೆಮಂದಿಯೆಲ್ಲ ಸೀನುತ್ತಾರೆ. ಮೇಷ್ಟ್ರ ತಾಯಿ ತೀರಿಕೊಂಡ ದಿನ ಬಂಧುಬಳಗ ಅಟ್ಟ ಹತ್ತಿ ಇಳಿದು ಧೂಳೆಬ್ಬಿಸಿದ್ದರಿಂದ, ಯಾರು ದುಃಖಕ್ಕೆ ಅತ್ತರು, ಯಾರು ಘಾಟಿಗೆ ಅತ್ತರು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ತಮ್ಮನ ಹೆಂಡತಿ ಅಂದೆನಲ್ಲ, ಈ ಕಥೆ ಅವಳದು. ಪಟ್ಟಣದ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದುದರಿಂದ ಊರಿನವರು ಅವಳನ್ನು ಆಯಮ್ಮ ಅನ್ನುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಚಿಕ್ಕಮ್ಮ.

ಮದುವೆಯಾಗಿ ಬಂದಾಗ ಅತ್ತೆ ಅವಳಿಗೆ ನಡುಕೋಣೆಯನ್ನು ಕೊಟ್ಟಿದ್ದರು, ಹಳೆಯ ಉಗ್ರಾಣವನ್ನು. ಮನೆಯಲ್ಲಿ ಇರುವ ಗಟ್ಟಿ ಕೋಣೆ ಅದೇ, ಸಿಡಿಲು ಬಡಿದರೂ ಅಲ್ಲಾಡುವುದಿಲ್ಲ ಅಂತ ಹೆಮ್ಮೆಯಿಂದಲೇ ಕೊಟ್ಟರು. ಅತ್ತೆಯ ಮನಸ್ಸಿನಲ್ಲಿ ಕಲ್ಮಶ ಇರಲಿಲ್ಲ. ಆದರೆ ಪಡಸಾಲೆಯಿಂದ ಅಡುಗೆಮನೆಗೆ ಹೋಗಬೇಕಾದರೆ ಆ ಕೋಣೆಯನ್ನು ಹಾದೇ ಹೋಗಬೇಕು ಅನ್ನುವುದು ಹೊಸ ಮದುಮಗಳಿಗೆ ತಿಳಿದದ್ದು ಮಾರನೇ ಬೆಳಗ್ಗೆ, ಅತ್ತೆ ಅವಳ ಹಾಸಿಗೆಯ ಪಕ್ಕದಲ್ಲೇ ಸೌದೆ ಹೊತ್ತುಕೊಂಡು ಹಾದುಹೋದಾಗ. ಅವಳು ಗಡಬಡಿಸಿ ಎದ್ದು ಕೂತಳು. ಅತ್ತೆ ತಿರುಗಿಯೂ ನೋಡದೆ, ಮಲಗಮ್ಮ ಮಲಗು, ನಾನು ಇಲ್ಲ ಅಂತ ತಿಳ್ಕೋ ಅಂದರು. ಅವತ್ತಿನಿಂದ ಆಯಮ್ಮ ಮನೆಯವರೆಲ್ಲರನ್ನೂ ಇಲ್ಲ ಅಂತ ತಿಳಿದುಕೊಂಡೇ ಮಲಗಲು ಕಲಿಯಬೇಕಾಯಿತು.

ಮರ್ಯಾದೆಗೆಂದು ಒಂದು ಪದ್ಧತಿ ಇತ್ತು. ನಡುಕೋಣೆಗೆ ಕಾಲಿಡುವ ಮುಂಚೆ ಕೆಮ್ಮಬೇಕು. ಮಾವ ಒಂದು ಸಲ ದೊಡ್ಡದಾಗಿ ಕೆಮ್ಮುತ್ತಿದ್ದರು. ಭಾವ, ಅಂದರೆ ಮೇಷ್ಟ್ರು, ಪಾಠ ಶುರುಮಾಡುವವರ ಹಾಗೆ ಎರಡು ಸಲ. ಮೇಷ್ಟ್ರ ಹೆಂಡತಿ, ಆಯಮ್ಮನ ಪಾಲಿಗೆ ಅಕ್ಕ, ಕೆಮ್ಮುತ್ತಿರಲಿಲ್ಲ. ಎರಡೂ ಕೈಯಲ್ಲಿ ಏನಾದರೂ ಹಿಡಿದಿರುತ್ತಿದ್ದುದರಿಂದ ಬಾಗಿಲಿಗೆ ಮೊಣಕಾಲು ತಾಗಿಸುತ್ತಿದ್ದಳು. ಮೆಣಸಿನಕಾಯಿ ಮನೆಯಲ್ಲಿ ಕೆಮ್ಮನ್ನು ಕರೆಗಂಟೆ ಮಾಡಿಕೊಂಡರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ನಿಜವಾದ ಕೆಮ್ಮು ಯಾವುದು, ಮರ್ಯಾದೆಯ ಕೆಮ್ಮು ಯಾವುದು ಅಂತ ತಿಳಿಯದೆ ಆಯಮ್ಮ ಎಷ್ಟೋ ಸಲ ಸೀರೆ ಸರಿಮಾಡಿಕೊಂಡು ಬರದೇ ಇರುವವರಿಗಾಗಿ ಕಾದು ಕೂತಿದ್ದುಂಟು. ಬಾಗಿಲನ್ನು ಮುಂದೆ ಮಾಡಿದರೆ ಗಾಳಿಗೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಮೂಟೆ ಸಾಗಿಸುವಾಗ ತೆರೆದೇ ಇರಲಿ ಅಂತ ಒಳಮುಖವಾಗಿ ವಾಲಿಸಿ ಕೂರಿಸಿದ ಬಾಗಿಲು ಅದು.

ಅವಳ ಗಂಡ ಬಸ್ ಕಂಡಕ್ಟರು. ದಿನಾ ನೂರಾರು ಜನ ಮೈಮೇಲೆ ಬಿದ್ದು ಹೋಗುವುದನ್ನು ಕಂಡವನಿಗೆ ಮನೆಯಲ್ಲಿ ಹತ್ತು ಜನ ಹಾದುಹೋಗುವುದು ಒಂದು ವಿಷಯವೇ ಅಲ್ಲ. ಹೊಸತರಲ್ಲಿ ಅವಳು ಹೇಳಿಕೊಂಡಾಗ, ಇದು ನಿಲ್ದಾಣ ಅಂತ ತಿಳ್ಕೋ, ಇಳಿಯೋರು ಇಳೀತಾರೆ ಅಂತ ನಕ್ಕಿದ್ದ. ಆಮೇಲೆ ಅವಳು ಹೇಳಲಿಲ್ಲ. ಅವನು ಒಳ್ಳೆಯವನು, ಯಾರಿಗೂ ಎದುರಾಡದವನು, ಹೆಂಡತಿಯ ಪರವಾಗಿ ಕೂಡ.

ಇಬ್ಬರು ಹೆಣ್ಣುಮಕ್ಕಳು ಆ ಕೋಣೆಯಲ್ಲೇ ಬೆಳೆದರು. ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರೆ ಹೋಗುವವರೊಬ್ಬರು ಔಷಧಿ ಹೇಳುತ್ತಿದ್ದರು, ಬರುವವರೊಬ್ಬರು ಅದು ಬೇಡ ಅನ್ನುತ್ತಿದ್ದರು. ಗಂಡಹೆಂಡತಿ ಜಗಳವಾಡಬೇಕಾದರೆ ಹಿತ್ತಿಲ ಆಚೆ ಬಟ್ಟೆ ಒಣಗಿಸುವ ತಂತಿಯ ಹತ್ತಿರ ಹೋಗಿ ಆಡಿ ಬರಬೇಕಿತ್ತು. ಅಷ್ಟು ದೂರ ನಡೆಯುವಷ್ಟರಲ್ಲಿ ಜಗಳವೇ ಮರೆತುಹೋಗುತ್ತಿತ್ತು. ಸಿಟ್ಟು ಮಾತ್ರ ಉಳಿದಿರುತ್ತಿತ್ತು.

ಚಿಕ್ಕ ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಆಯಮ್ಮ ಆಸ್ಪತ್ರೆಯ ಕೆಲಸಕ್ಕೆ ಸೇರಿದಳು. ಅಲ್ಲಿ ಅವಳ ಕೆಲಸ ಸಣ್ಣದೇನಲ್ಲ. ಹೆರಿಗೆ ಮೇಜಿನ ರಬ್ಬರ್ ಹಾಸನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಬೇಕು, ಬಿಸಿನೀರು ತುಂಬಿಡಬೇಕು, ನೋವು ತಿನ್ನುವವಳ ಸೊಂಟ ನೀವಬೇಕು, ಹೆತ್ತವಳನ್ನು ಮೊದಲ ಸಲ ಬಚ್ಚಲಿಗೆ ನಡೆಸಿಕೊಂಡು ಹೋಗಬೇಕು, ಮಗುವನ್ನು ಒರೆಸಿ ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ನಿಲ್ಲಬೇಕು. ಒಂದು ವಾರ ಹಗಲು ಪಾಳಿಯಾದರೆ ಮೂರು ವಾರ ರಾತ್ರಿ ಪಾಳಿ, ಯಾಕೆಂದರೆ ರಾತ್ರಿ ಪಾಳಿಗೆ ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಕಂಡ ದೊಡ್ಡ ಅನುಕೂಲ ಔಷಧಿಯೂ ಅಲ್ಲ, ಲಿಫ್ಟೂ ಅಲ್ಲ. ಆಯಾಗಳು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಇತ್ತು. ಸರ್ರನೆ ಎಳೆದರೆ ಮುಗಿಯಿತು, ಸೀರೆ ಸುತ್ತಿಕೊಳ್ಳುವಷ್ಟು ಹೊತ್ತು ಲೋಕವೇ ಇಲ್ಲ.

ಬೆಳಗ್ಗೆ ಬಸ್ಸಿಳಿದು ಬಂದು, ಒಂದು ಲೋಟ ಕಾಫಿ ಕುಡಿದು, ಆಯಮ್ಮ ನಡುಕೋಣೆಯ ಮಂಚದ ಮೇಲೆ ಉರುಳುವ ಹೊತ್ತಿಗೆ ಮನೆ ಎದ್ದು ನಿಂತಿರುತ್ತಿತ್ತು. ಮೇಷ್ಟ್ರಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು. ಕೆಲವರು ಅಟ್ಟದ ಮೇಲೆ, ಕೆಲವರು ಪಡಸಾಲೆಗೆ ಹಲಗೆ ಅಡ್ಡಕಟ್ಟಿದ ಮರೆಯಲ್ಲಿ. ಎಲ್ಲರಿಗೂ ತಿಂಡಿಗೆ ಒಳಗೆ ಹೋಗಬೇಕು, ತಿಂದು ಹೊರಗೆ ಬರಬೇಕು. ಆ ಮನೆಯಲ್ಲಿ ಒಳಗೆ ಅಂದರೆ ಅಡುಗೆಮನೆ, ಹೊರಗೆ ಅಂದರೆ ಪಡಸಾಲೆ. ಒಳಗೆ ಹೇಳಿ ಬಾ ಅಂದರೆ ಅಕ್ಕನಿಗೆ ಹೇಳಿ ಬಾ ಅಂತ ಅರ್ಥ. ನಡುಕೋಣೆ ಒಳಗೂ ಅಲ್ಲ, ಹೊರಗೂ ಅಲ್ಲ. ಚಿಕ್ಕಮ್ಮ ಮಲಗಿದಾರೆ, ಮೆಲ್ಲಗೆ ಹೋಗಿ ಅಂತ ಅಕ್ಕ ಕೂಗಿ ಹೇಳುತ್ತಿದ್ದಳು, ಆ ಕೂಗಿಗೇ ಚಿಕ್ಕಮ್ಮನಿಗೆ ಎಚ್ಚರವಾಗುತ್ತಿತ್ತು. ಆಮೇಲೆ ಮೇಷ್ಟ್ರ ಎರಡು ಕೆಮ್ಮು, ಪೇಪರು ಓದುತ್ತ ಒಂದು ಕಾಫಿ, ಪೇಪರು ಮುಗಿದ ಮೇಲೆ ಒಂದು ಕಾಫಿ, ಎರಡನ್ನೂ ಅಕ್ಕ ನಡುಕೋಣೆ ಹಾದು ಪಡಸಾಲೆಗೆ ಒಯ್ಯಬೇಕು. ಗೋಡೆ ಕೊರೆದು ಬೇರೆ ದಾರಿ ಮಾಡೋಣವೆಂದು ಒಮ್ಮೆ ಗಾರೆಯವನನ್ನು ಕರೆಸಿದ್ದರು. ಅವನು ಗೋಡೆಗೆ ಕಿವಿಯಿಟ್ಟು ಕುಟ್ಟಿ ನೋಡಿ ಕೈಮುಗಿದ. ಈ ಮಣ್ಣುಗೋಡೆಗೆ ಕೈಹಾಕಿದರೆ ಸೂರೇ ಮಡಿಲಿಗೆ ಬರುತ್ತದೆ ಅಂದ. ಉಳಿದದ್ದು ಮನೆಯ ಪಕ್ಕದ ಓಣಿ. ಬೀದಿಗಿಳಿದು, ಚಪ್ಪಲಿ ಮೆಟ್ಟಿ, ಓಣಿ ಸುತ್ತಿ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಹೋಗಬಹುದು. ಆದರೆ ನಡುವೆ ರಾಜಮಾರ್ಗ ಇರುವಾಗ ಓಣಿ ಸುತ್ತುವವರು ಯಾರು?

ಆಯಮ್ಮ ದೂರಲಿಲ್ಲ. ದಣಿವು ಅಭ್ಯಾಸವಾಗುತ್ತದೆ ಅಂತ ಅವಳು ನಂಬಿದ್ದಳು. ಅದು ಸುಳ್ಳು. ದಣಿವು ಅಭ್ಯಾಸವಾಗುವುದಿಲ್ಲ, ಮೈಯಲ್ಲಿ ಸೇರಿಕೊಂಡು ತನ್ನ ಹೊತ್ತಿಗೆ ಕಾಯುತ್ತದೆ. ಹೆಣ್ಣುಮಕ್ಕಳ ಮದುವೆಯಾಯಿತು, ಅತ್ತೆಮಾವ ಹೋದರು, ಅವಳ ತಲೆ ನರೆಯಿತು, ನಿದ್ದೆಯ ಸಾಲ ಮಾತ್ರ ಹಾಗೆಯೇ ಬೆಳೆಯಿತು.

ಒಂದು ದಿನ ಪಾಳಿ ಮುಗಿಯುವ ಹೊತ್ತು. ಆಗಷ್ಟೇ ಹುಟ್ಟಿದ ಗಂಡುಮಗು ಅವಳ ಕೈಯಲ್ಲಿತ್ತು. ಸಿಸ್ಟರ್ ಅದರ ಕಾಲಿಗೆ ನಂಬರಿನ ಪಟ್ಟಿ ಕಟ್ಟುತ್ತಿದ್ದಳು. ಮಗು ಬೆಚ್ಚಗಿತ್ತು, ಕೋಣೆಯೂ ಬೆಚ್ಚಗಿತ್ತು. ಆಯಮ್ಮ ನಿಂತಲ್ಲೇ ನಿದ್ದೆಹೋದಳು. ಕಣ್ಣು ಬಿಟ್ಟಾಗ ಸಿಸ್ಟರಿನ ಎರಡೂ ಕೈ ಮಗುವಿನ ಕೆಳಗಿದ್ದವು, ತನ್ನ ಕೈಗಳು ಸಡಿಲವಾಗಿ ತೆರೆದಿದ್ದವು. ಮಗುವಿಗೆ ಏನೂ ಆಗಲಿಲ್ಲ. ಸಿಸ್ಟರ್ ಅದನ್ನು ತಾಯಿಯ ಪಕ್ಕ ಮಲಗಿಸಿ ಬಂದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

"ಆಯಮ್ಮ, ನಾನು ಯಾರಿಗೂ ಹೇಳಲ್ಲ. ಹಗಲು ನಿದ್ದೆ ಮಾಡೋಕಾದ್ರೆ ಮಾಡಿ. ಆಗಲ್ಲ ಅಂದ್ರೆ ಕೆಲಸ ಬಿಟ್ಬಿಡಿ."

ಬಸ್ಸಿನಲ್ಲಿ ಆಯಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು. ಎಷ್ಟು ಮಕ್ಕಳನ್ನು ಹಿಡಿದ ಕೈಗಳು! ಅವುಗಳ ಮೇಲೆ ಅವಳಿಗೆ ನಂಬಿಕೆ ಇತ್ತು. ಬದುಕಿನಲ್ಲಿ ಇದು ನನ್ನದು ಅಂತ ಅವಳು ಹೇಳಿಕೊಳ್ಳಬಹುದಾಗಿದ್ದದ್ದು ಆ ಕೆಲಸವೊಂದೇ, ಅದೂ ಈಗ ಕೈಜಾರುವ ಹಾಗಿತ್ತು. ಇನ್ನೊಂದು ಸಲ ಹೀಗಾದರೆ, ಅವತ್ತು ಎದುರಿಗೆ ಸಿಸ್ಟರ್ ಇಲ್ಲದಿದ್ದರೆ? ಭಯವಾಯಿತು. ಅವಳಿಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಅವತ್ತು ಸಂಜೆ ಎಲ್ಲರೂ ಊಟಕ್ಕೆ ಕೂತಾಗ, ನಡುಕೋಣೆಯ ಎರಡೂ ಬಾಗಿಲಿಗೆ ಚಿಲಕ ಹಾಕಿಸುತ್ತೇನೆ, ಹಗಲು ಹೊತ್ತು ಹಾಕಿಕೊಂಡು ಮಲಗುತ್ತೇನೆ ಅಂದಳು. ಮಗುವಿನ ವಿಷಯ ಬಾಯಿ ಬಿಡಲಿಲ್ಲ. ಹೇಳಲು ನಾಚಿಕೆ. ಮೇಷ್ಟ್ರು ತುತ್ತು ನಿಲ್ಲಿಸಿದರು. ಅವರಿಗೆ ಕೋಪ ಬರಲಿಲ್ಲ, ನೋವಾಯಿತು. ಈ ಮನೆಯಲ್ಲಿ ಬಾಗಿಲು ಹಾಕಿಕೊಂಡರು ಅಂದರೆ ಮನಸ್ಸು ಮುರಿಯಿತು ಅಂತಲೇ ಜನ ಅರ್ಥ ಮಾಡುವುದು, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂದರು. ತಮ್ಮನ ಮುಖ ನೋಡಿದರು. ತಮ್ಮ ಸಾರಿನಲ್ಲಿ ಏನೋ ಹುಡುಕುತ್ತಿದ್ದ. ಅಕ್ಕನ ತಕರಾರು ಬೇರೆ. ಕಾಫಿ ಲೋಟ ಹಿಡಿದು ಓಣಿ ಸುತ್ತುವಷ್ಟರಲ್ಲಿ ಆರಿ ತಣ್ಣಗಾಗುತ್ತದೆ, ತನ್ನ ಮಂಡಿ ಮೊದಲಿನ ಹಾಗಿಲ್ಲ, ದಿನಕ್ಕೆ ಎಷ್ಟು ಸಲ ಸುತ್ತುವುದು ಅಂತ. ಕಾಫಿ ಕುಡಿಯುವವರೇ ಒಳಗೆ ಬಂದು ಕುಡಿಯಬಹುದು ಅನ್ನುವುದು ಆ ಪಂಕ್ತಿಯಲ್ಲಿ ಯಾರಿಗೂ ಹೊಳೆಯಲಿಲ್ಲ, ಆಯಮ್ಮನಿಗೂ ಹೊಳೆಯಲಿಲ್ಲ.

ಒಪ್ಪಿಗೆ ಸಿಗಲಿಲ್ಲ, ಬೇಡ ಅಂತಲೂ ಯಾರೂ ಅನ್ನಲಿಲ್ಲ. ಮೌನವೇ ಸಮ್ಮತಿ ಅಂತ ಗಾದೆ ಮಾಡಿದವರು ಇಂಥ ಮನೆಯಲ್ಲಿ ಇದ್ದವರೇ ಇರಬೇಕು. ಮುಂದಿನ ವಾರ ಹಗಲು ಪಾಳಿ ಬಂದಾಗ ಆಯಮ್ಮ ಬಸ್ ಹಿಡಿಯುವ ಮುಂಚೆ ಬಡಗಿಯ ಅಂಗಡಿಗೆ ಹೋದಳು. ಬಡಗಿ ಉಳಿಗೆ ಸಾಣೆ ಹಿಡಿಯುತ್ತಿದ್ದ. ನಡುಕೋಣೆಯ ಎರಡು ಬಾಗಿಲಿಗೂ ಒಳ್ಳೆಯ ಕಬ್ಬಿಣದ ಚಿಲಕ ಹಾಕಿಬಿಡು, ಒಳಗಡೆ ಬರಬೇಕು, ಮರೀಬೇಡ ಅಂದಳು. ಅವನು ಒಳಗಡೆ, ಒಳಗಡೆ ಅಂತ ಎರಡು ಸಲ ಹೇಳಿಕೊಂಡು ತಲೆಯಾಡಿಸಿದ. ಬಸ್ಸು ಹಾರ್ನ್ ಮಾಡಿತು, ಅವಳು ಓಡಿದಳು.

ಸಂಜೆ ಬಂದವಳು ಕೈಕಾಲು ಕೂಡ ತೊಳೆಯದೆ ನೇರವಾಗಿ ಕೋಣೆಗೆ ಹೋದಳು. ಪಡಸಾಲೆ ಕಡೆಯ ಬಾಗಿಲು ಮುಚ್ಚಿದಳು. ಅವಳ ಕಡೆಗೇ ಹೊಸ ಚಿಲಕ ಹೊಳೆಯುತ್ತಿತ್ತು. ಎಳೆದಳು, ಸರಿಯಾಗಿ ಕೂತಿತು. ಅವಳ ಎದೆ ಹಗುರಾಯಿತು. ಅಡುಗೆಮನೆ ಕಡೆಯ ಬಾಗಿಲಿಗೆ ಬಂದಳು. ಮುಚ್ಚಿದಳು. ಅಲ್ಲಿ ಚಿಲಕ ಇರಲಿಲ್ಲ. ಹಲಗೆಯನ್ನು ಮೇಲಿಂದ ಕೆಳಗೆ ತಡವಿದಳು. ಆಮೇಲೆ ಬಾಗಿಲು ತೆಗೆದು ಆಚೆ ನೋಡಿದಳು. ಚಿಲಕ ಅಡುಗೆಮನೆ ಕಡೆಯಲ್ಲಿತ್ತು. ಮುತ್ತಜ್ಜನ ಕಾಲದ ಚಿಲಕ ತುಕ್ಕು ಹಿಡಿದು ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಬಡಗಿ ಅದರ ಹಳೇ ತೂತುಗಳಲ್ಲೇ ಹೊಸದನ್ನು ಅಚ್ಚುಕಟ್ಟಾಗಿ ಕೂರಿಸಿದ್ದ. ಈಗ ಒಲೆಯ ಮುಂದೆ ನಿಂತವರು ಯಾರು ಬೇಕಾದರೂ ಆಯಮ್ಮನನ್ನು ಕೂಡಿಹಾಕಬಹುದಿತ್ತು. ಆಯಮ್ಮ ಮಾತ್ರ ಯಾರನ್ನೂ ತಡೆಯುವ ಹಾಗಿರಲಿಲ್ಲ.

ಮೊದಲು ನಕ್ಕದ್ದು ಸೊಸೆಯರು. ಆಮೇಲೆ ಮಕ್ಕಳು, ಆಮೇಲೆ ಎಲ್ಲರೂ. ಮೇಷ್ಟ್ರಿಗಂತೂ ಹಾಲು ಕುಡಿದಷ್ಟು ಸಂತೋಷ. ಮನೆಗೇ ಇಷ್ಟವಿಲ್ಲ ನೋಡಿ, ಮುತ್ತಜ್ಜ ಕೈ ಹಿಡಿದು ಆ ಕಡೆ ಹಾಕಿಸಿದ್ದಾನೆ ಅಂದರು. ಬಡಗಿಯನ್ನು ಕರೆಸಿದರು. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ನಿಂತ. ಅವನ ಮುಖದಲ್ಲಿ ಕಪಟ ಇರಲಿಲ್ಲ.

"ನೀವೇ ತಾನೆ ಒಳಗಡೆ ಬರಬೇಕು ಅಂದಿದ್ದು, ಆಯಮ್ಮ? ಆ ಬಾಗಿಲಿಗೂ ಒಳಗಡೆ ಹಾಕಿದೀನಿ, ಈ ಬಾಗಿಲಿಗೂ ಒಳಗಡೆ ಹಾಕಿದೀನಿ."

ಅವನ ಮಾತು ಸರಿಯಾಗಿಯೇ ಇತ್ತು. ಬೀದಿಯಿಂದ ಬರುವವನಿಗೆ ಎರಡು ಬಾಗಿಲಿಗೂ ಒಳಗಡೆ ಅಂದರೆ ಅಡುಗೆಮನೆಯ ದಿಕ್ಕೇ. ಅವನು ಕೆಲಸ ಮಾಡುವಾಗ ಅಕ್ಕನನ್ನೂ ಕೇಳಿದ್ದನಂತೆ. ಅಕ್ಕ ಸೊಪ್ಪು ಬಿಡಿಸುತ್ತ, ಒಳಗೆ ಅಂದರೆ ಇದೇ ಅಲ್ಲವಾ ಅಂದಿದ್ದಳಂತೆ. ಈಗ ಎಲ್ಲರೂ ಸೇರಿ ಒಳಗೆ ಯಾವುದು, ಹೊರಗೆ ಯಾವುದು ಅಂತ ಚರ್ಚೆಗೆ ಕೂತರು. ದೊಡ್ಡ ಮಗ ಒಂದು ಹೇಳಿದ, ಚಿಕ್ಕವನು ಇನ್ನೊಂದು ಹೇಳಿದ. ಮೇಷ್ಟ್ರಿಗೆ ಪಾಠ ಮಾಡುವ ಹುರುಪು ಬಂದಿತ್ತು. ಅವರು ಆಯಮ್ಮನ ಕಡೆ ತಿರುಗಿ, ವಿದ್ಯಾರ್ಥಿಯನ್ನು ಎಬ್ಬಿಸಿ ಕೇಳುವ ಹಾಗೆ ಕೇಳಿದರು.

"ಹಾಗಾದ್ರೆ ನೀನೇ ಹೇಳಮ್ಮ. ಈ ಮನೇಲಿ ಒಳಗೆ ಅಂದ್ರೆ ಯಾವ್ದು?"

ಆಯಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ನಗುವವರ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ; ಸಿಟ್ಟು ಮಾಡಲೂ ಒಂದಿಷ್ಟು ಶಕ್ತಿ ಬೇಕು. ಆದರೆ ಇಷ್ಟು ವರ್ಷ ತಾನು ಇದ್ದ ಜಾಗಕ್ಕೆ ಈ ಮನೆಯ ಮಾತಿನಲ್ಲಿ ಒಂದು ಹೆಸರೇ ಇಲ್ಲ ಅನ್ನುವುದು ಅವಳಿಗೆ ಆಗ ತಿಳಿಯಿತು.

"ಒಳಗೆ ಅಂದ್ರೆ ನಾನಿರೋ ಕಡೆ, ಭಾವ" ಅಂದಳು.

ಅವಳು ಭಾವನಿಗೆ ಎದುರುತ್ತರ ಕೊಟ್ಟದ್ದು ಅದೇ ಮೊದಲು. ಮಾತು ಹೊರಟದ್ದು ಹೊರಟಿತು ಅಂತ ಅವಳು ಮಗುವಿನ ವಿಷಯವನ್ನೂ ಹೇಳಿಬಿಟ್ಟಳು. ನಿಂತಲ್ಲೇ ಹೇಗೆ ನಿದ್ದೆ ಬಂತು, ಕಣ್ಣು ಬಿಟ್ಟಾಗ ಸಿಸ್ಟರಿನ ಕೈ ಎಲ್ಲಿದ್ದವು, ಎಲ್ಲ. ಹೇಳುವಾಗ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿದಳು. ನಕ್ಕವರ ಪೈಕಿ ಚಿಕ್ಕ ಸೊಸೆ ಬಸುರಿ. ಅವಳು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡಳು.

ಆಮೇಲೆ ಮಾತಾಡಿದ್ದು ಯಾರೂ ಎಣಿಸದವನು, ಕಂಡಕ್ಟರು. ಬಾಗಿಲ ಹತ್ತಿರ ಹೋಗಿ ಚಿಲಕಕ್ಕೆ ಬೆರಳಿಟ್ಟು ಬಡಗಿಗೆ ಹೇಳಿದ.

"ಇದನ್ನ ಬಿಚ್ಚಿ ಆ ಕಡೆಗೆ ಹಾಕಪ್ಪ. ಈಗಲೇ."

ಮೇಷ್ಟ್ರು ಜಗಲಿಗೆ ಹೋಗಿ ಕೂತರು. ಬಡಗಿ ಮೊಳೆ ಕೀಳುವಾಗ ಚೌಕಟ್ಟಿನ ಸಂದಿಯಿಂದ ಹಳೇ ಪುಡಿ ಉದುರಿ ಎಲ್ಲರೂ ಸೀನಿದರು.

ಮುಂದಿನ ವಾರ ರಾತ್ರಿ ಪಾಳಿ ಶುರುವಾಯಿತು. ಮೊದಲ ಬೆಳಗ್ಗೆ ಆಯಮ್ಮ ಎರಡೂ ಚಿಲಕ ಎಳೆದು ಮಲಗಿದವಳು ಸಂಜೆಯ ತನಕ ಏಳಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಅಂತ ಗಂಡ ಬಾಗಿಲ ಸಂದಿಗೆ ಕಿವಿಯಿಟ್ಟು ಕೇಳಿದನಂತೆ. ಎರಡನೇ ದಿನವೂ ಹಾಗೇ. ಮನೆಯವರು ಗೊಣಗುತ್ತ ಓಣಿ ಸುತ್ತಿದರು. ಮಳೆಹನಿ ಬಿದ್ದಾಗ ತಲೆಗೆ ಗೋಣಿಚೀಲ ಹಾಕಿಕೊಂಡು ಸುತ್ತಿದರು. ಅಕ್ಕ ಮಾತ್ರ ಗೊಣಗಲಿಲ್ಲ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಓಣಿಯ ಗೋಡೆಗೆ, ಹಾಗೇ ಸುತ್ತುತ್ತಿದ್ದಳು. ಆಯಮ್ಮನೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಆಯಮ್ಮನಿಗೆ ಅದು ಚುಚ್ಚುತ್ತಿತ್ತು. ತನ್ನ ನಿದ್ದೆಯ ಬೆಲೆಯನ್ನು ಅಕ್ಕನ ಮಂಡಿ ತೆರುತ್ತಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಹಾಗಂತ ಚಿಲಕ ತೆಗೆಯಲು ಮನಸ್ಸು ಬರಲಿಲ್ಲ. ನಾನು ಕೆಟ್ಟವಳೇ ಇರಬಹುದು, ಇರಲಿ, ಮಲಗುತ್ತೇನೆ ಅಂತ ಮಲಗುತ್ತಿದ್ದಳು.

ಆ ವಾರ ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಅಡುಗೆಮನೆ ಕಡೆಯ ಬಾಗಿಲಿಗೆ ಏನೋ ತಾಗಿದ ಸದ್ದಾಯಿತು. ಮೊಣಕಾಲಲ್ಲ, ಬೆರಳು. ಆಯಮ್ಮನಿಗೆ ಆಗಷ್ಟೇ ಜೊಂಪು ಹತ್ತಿತ್ತು. ಮತ್ತೆ ಸದ್ದು. ಜಗಳಕ್ಕೇ ಬಂದರು ಅಂದುಕೊಂಡು ಎದ್ದು ಚಿಲಕ ಸರಿಸಿದಳು. ಅಕ್ಕ ನಿಂತಿದ್ದಳು. ಕೈಯಲ್ಲಿ ಲೋಟ ಇರಲಿಲ್ಲ, ಪಾತ್ರೆ ಇರಲಿಲ್ಲ. ಬರಿಗೈಯ ಅಕ್ಕನನ್ನು ಆಯಮ್ಮ ಹಗಲಿನಲ್ಲಿ ಕಂಡ ನೆನಪಿರಲಿಲ್ಲ.

ಅಕ್ಕ ಒಳಗೆ ಬಂದು, ತಿರುಗಿ, ಬಾಗಿಲು ಮುಚ್ಚಿ, ತಾನೇ ಚಿಲಕ ಹಾಕಿದಳು. ಹೊಸ ಚಿಲಕ ಬಿಗಿಯಾಗಿತ್ತು, ಎರಡು ಸಲ ಎಳೆಯಬೇಕಾಯಿತು. ಆಮೇಲೆ ಮಂಚದ ಪಕ್ಕ ಬರಿನೆಲದ ಮೇಲೆ ಸೆರಗು ಹಾಸಿಕೊಂಡು, ಮಂಡಿಯನ್ನು ಕೈಯಿಂದ ಹಿಡಿದು ಮಡಚಿ, ಮಲಗಿದಳು. ಆಯಮ್ಮನಿಗೆ ಒಂದು ಕ್ಷಣ ಸಿಟ್ಟೇ ಬಂತು. ಇಷ್ಟು ವರ್ಷಕ್ಕೆ ಸಿಕ್ಕ ನಾಲ್ಕು ಗೋಡೆ, ಅದಕ್ಕೂ ಪಾಲು. ಆಮೇಲೆ ಅಕ್ಕನ ಪಾದ ನೋಡಿದಳು. ಹಿಮ್ಮಡಿ ಒಡೆದು, ಓಣಿಯ ಮಣ್ಣು ಬಿರುಕಿನಲ್ಲಿ ಕೂತಿತ್ತು. ಮಂಚದ ಮೇಲಿನ ದಿಂಬನ್ನು ತೆಗೆದು ಅವಳ ತಲೆಯಡಿಗೆ ಕೊಟ್ಟಳು.

"ಈ ಮನೆಗೆ ಬಂದ ಮೇಲೆ ನಾನು ಹಗಲು ಮಲಗಿದ್ದು ಬಾಣಂತನದಲ್ಲಿ ಮಾತ್ರ ಕಣೇ" ಅಂದಳು ಅಕ್ಕ, ಸೂರು ನೋಡುತ್ತ. "ನಿನಗಾದ್ರೂ ಕೋಣೆ ಅಂತ ಒಂದಿತ್ತು."

ನಿಜವಾಗಿತ್ತು. ಅಕ್ಕ ಎಲ್ಲಿ ಮಲಗುತ್ತಾಳೆ ಅಂತ ಆಯಮ್ಮ ಎಂದೂ ಯೋಚಿಸಿರಲಿಲ್ಲ. ಎಲ್ಲರೂ ಮಲಗಿದ ಮೇಲೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಚಾಪೆ ಬಿಡಿಸುವವಳು ಅವಳು.

ಸ್ವಲ್ಪ ಹೊತ್ತಿಗೆ ಪಡಸಾಲೆ ಕಡೆಯ ಬಾಗಿಲ ಆಚೆ ಎರಡು ಕೆಮ್ಮು ಕೇಳಿತು. ಎಲ್ಲಿದ್ದೀಯೇ, ಕಾಫಿ ಆಯ್ತಾ ಅಂತ ಮೇಷ್ಟ್ರ ದನಿ. ಅಕ್ಕನ ಮೈ ತಾನಾಗಿ ಏಳಲು ಹೊರಟಿತು. ಮೊಣಕೈ ಊರಿದಳು, ತಲೆ ಎತ್ತಿದಳು. ಆಯಮ್ಮ ಅವಳ ಭುಜದ ಮೇಲೆ ಕೈಯಿಟ್ಟಳು. ಮಕ್ಕಳನ್ನು ಹಿಡಿಯುವ ಕೈ, ಗಟ್ಟಿಯಾಗಿಯೇ ಇಟ್ಟಳು.

"ಅಕ್ಕ ಮಲಗಿದಾರೆ, ಭಾವ" ಅಂದಳು.

ಆಮೇಲೆ ಮೇಷ್ಟ್ರು ಚಪ್ಪಲಿ ಹುಡುಕುವುದು, ಮೆಟ್ಟಿಲು ಇಳಿಯುವುದು, ಓಣಿಯಲ್ಲಿ ನಿಧಾನವಾಗಿ ಹಿತ್ತಿಲ ಕಡೆಗೆ ನಡೆಯುವುದು ಕೇಳಿಸಿತು. ಅಡುಗೆಮನೆಯಲ್ಲಿ ಒಂದು ಡಬ್ಬಿ ತೆರೆದ ಸದ್ದು, ಇನ್ನೊಂದು ಡಬ್ಬಿ, ಏನೋ ಉರುಳಿ ಬಿತ್ತು.

"ಸಕ್ಕರೆ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ" ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಹುಡುಕಲಿ ಬಿಡಿ, ಅಕ್ಕ."